ಹವ್ಯಾಸಿ ರ‍್ಯಾಲಿ ಕಾರಿನ ಕ್ಲಚ್: ಆಯ್ಕೆ ಮತ್ತು ಬದಲಾವಣೆ

ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ಕೊಡುವ, ಬೇಕೆಂದಾಗ ತಡೆಯುವ ಘರ್ಷಣೆಯ ಜೋಡಣೆಗೆ ಕ್ಲಚ್ ಎನ್ನುತ್ತಾರೆ. ಸ್ವಂತ ದುಡ್ಡಿನಲ್ಲಿ ಕಾರು ಕಟ್ಟಿಕೊಂಡು ರ‍್ಯಾಲಿ, ಆಟೊಕ್ರಾಸ್, ಕೆಸರುಗದ್ದೆಯ ಆಫ್‌ರೋಡ್ ಪಂದ್ಯಗಳಿಗೆ ಇಳಿಯುವ ಹವ್ಯಾಸಿಗೆ ಎಂಜಿನ್, ಟೈರು, ಶಾಕ್ ಅಬ್ಸಾರ್ಬರ್‌ಗಳ ಮೇಲೆ ಇರುವಷ್ಟು ಗಮನ ಕ್ಲಚ್ಚಿನ ಮೇಲೆ ಇರುವುದಿಲ್ಲ. ಅದು ಜಾರತೊಡಗಿದ ಕಾರು ಎಷ್ಟೇ ಶಕ್ತಿಶಾಲಿಯಾದರೂ ಪಂದ್ಯ ಮುಗಿಸುವುದಿಲ್ಲ. ಈ ಲೇಖನ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ರಸ್ತೆ, ಮಳೆ, ಗ್ಯಾರೇಜುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ಲಚ್ಚಿನ ಆಯ್ಕೆಯನ್ನೂ ಬದಲಾವಣೆಯನ್ನೂ ವಿವರಿಸುತ್ತದೆ. ಇಲ್ಲಿನ ಮುಖ್ಯ ನಿಲುವು ಒಂದೇ: ಹವ್ಯಾಸಿ ತನ್ನ ಕ್ಲಚ್ಚನ್ನು ಎಂಜಿನ್ನಿನ ಶಕ್ತಿಗಿಂತ ಹೆಚ್ಚಾಗಿ ಶಾಖದ ಲೆಕ್ಕ ಹಾಕಿ ಆರಿಸಬೇಕು.

ಪ್ರದೇಶ

ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿಯೂ ಶಾಶ್ವತ ಮೋಟಾರು ಪಂದ್ಯದ ಟ್ರ್ಯಾಕ್ ಇಲ್ಲ. ಆದರೆ ಕ್ಲಚ್ಚಿನ ಮಟ್ಟಿಗೆ ಹೇಳುವುದಾದರೆ ಇಲ್ಲಿನ ನೆಲವೇ ಪರೀಕ್ಷೆಯ ಅಂಕಣ. ಜೋಯಿಡಾದಿಂದ ಅಣಶಿ ಘಟ್ಟ ಇಳಿದು ಕದ್ರಾ, ಕಾರವಾರಕ್ಕೆ ಹೋಗುವ ರಸ್ತೆ ಸಹ್ಯಾದ್ರಿಯ ಅಂಚನ್ನು ದಾಟುತ್ತದೆ. ತಿರುವುಗಳು ಬಿಗಿ, ಏರು ಕಡಿದು, ಮಳೆಗಾಲದಲ್ಲಿ ಮಂಜು. ಗಣೇಶಗುಡಿಯ ಬಳಿ ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನ ಸುತ್ತ ಕೆಂಪುಮಣ್ಣಿನ ದಾರಿಗಳು ಹರಡಿವೆ. ಹಳಿಯಾಳ, ಮುಂಡಗೋಡಗಳ ಕಡೆ ಬಂದರೆ ನೆಲ ಬಯಲಾಗುತ್ತ ಧಾರವಾಡ, ಹಾವೇರಿ ಜಿಲ್ಲೆಗಳ ಮೈದಾನಕ್ಕೆ ಸೇರುತ್ತದೆ. ಇಲ್ಲಿ ಭತ್ತದ ಗದ್ದೆ, ಕಬ್ಬು, ಮೆಕ್ಕೆಜೋಳ. ಹೀಗೆ ಒಂದೇ ದಿನದ ಓಡಾಟದಲ್ಲಿ ಘಟ್ಟದ ಏರು, ಕಾಡಂಚಿನ ಕೆಸರು, ಬಯಲಿನ ನೇರ ರಸ್ತೆ ಮೂರೂ ಸಿಗುತ್ತವೆ.

ಈ ಭಾಗದ ಗ್ಯಾರೇಜುಗಳಿಗೆ ಕ್ಲಚ್ ಕೆಲಸ ಹೊಸದಲ್ಲ. ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆಯುವ ಟ್ರ್ಯಾಕ್ಟರುಗಳು, 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿಗೆ ಕಚ್ಚಾಮಾಲು ತರುವ ಲಾರಿಗಳು, ಪ್ರವಾಸಿಗರನ್ನು ಹೊತ್ತು ತಿರುಗುವ ಜೀಪುಗಳು ಎಲ್ಲವೂ ಭಾರ ಹೊತ್ತು ನಿಂತಲ್ಲಿಂದ ಹೊರಡಬೇಕಾದ ಗಾಡಿಗಳು. ಟ್ರ್ಯಾಕ್ಟರಿನ ಜೋಡಿ ಕ್ಲಚ್ಚನ್ನು, ಅಂದರೆ ಪೆಡಲನ್ನು ಅರ್ಧ ಒತ್ತಿದರೆ ಚಕ್ರ ನಿಂತು, ಪೂರ್ತಿ ಒತ್ತಿದರೆ ಹಿಂದಿನ ಯಂತ್ರವನ್ನು ತಿರುಗಿಸುವ ಷಾಫ್ಟೂ ನಿಲ್ಲುವ ಏರ್ಪಾಡನ್ನು, ಇಳಿಸಿ ಏರಿಸಿ ಬಲ್ಲ ಮಿಸ್ತ್ರಿಗೆ ಕಾರಿನ ಒಂಟಿ ಪ್ಲೇಟು ಸುಲಭದ ಕೆಲಸ. ಧಾರವಾಡ, ಬೆಳಗಾವಿ ಕಡೆಯ ಹಳ್ಳಿಗಳ ಜಾತ್ರೆಗಳಲ್ಲಿ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ಹಿಂದಕ್ಕೆ ಓಡಿಸುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಗೆಲ್ಲುವವನ ಜಾಣ್ಮೆಯ ಬಹುಪಾಲು ಎಡಗಾಲಿನದು. ಅದನ್ನು ಮೋಟಾರು ಕ್ರೀಡೆಯೆಂದು ದಾಖಲಿಸುವವರು ಕಡಿಮೆ. ಆದರೆ ಕ್ಲಚ್ ಹತೋಟಿಯ ಪ್ರದರ್ಶನವಾಗಿ ಅದು ಯಾವ ರ‍್ಯಾಲಿಗೂ ಕಡಿಮೆಯಿಲ್ಲ. ಬಿಡಿಭಾಗ, ಫ್ಲೈವೀಲ್ ಉಜ್ಜುವ ಲೇತ್ ಮತ್ತು ಗ್ರೈಂಡಿಂಗ್ ಕೆಲಸಕ್ಕೆ ಹುಬ್ಬಳ್ಳಿ, ಬೆಳಗಾವಿ ಹತ್ತಿರ.

ಕರ್ನಾಟಕದ ರ‍್ಯಾಲಿಗಳು

ಹವ್ಯಾಸಿಗೆ ನಿಜವಾದ ಪಂದ್ಯ ಸಿಗುವುದು ದಕ್ಷಿಣದ ಮಲೆನಾಡಿನಲ್ಲಿ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ದೇಶದ ಹಳೆಯ ರ‍್ಯಾಲಿಗಳಲ್ಲೊಂದು. ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟದ ಮಣ್ಣುರಸ್ತೆಗಳನ್ನು ಸಂಚಾರಕ್ಕೆ ಮುಚ್ಚಿ ಅಲ್ಲಿ ಸಮಯ ಅಳೆಯುವ ವಿಶೇಷ ಹಂತಗಳನ್ನು ಓಡಿಸುತ್ತಾರೆ. ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ 2016ರ ಭಾರತದ ಸುತ್ತು ಚಿಕ್ಕಮಗಳೂರಿನಲ್ಲೇ ನಡೆಯಿತು. ಆ ವರ್ಷದ ಪ್ರಶಸ್ತಿ ಗೆದ್ದ ಗೌರವ್ ಗಿಲ್ 2013 ಮತ್ತು 2017ರಲ್ಲೂ ಅದೇ ಪ್ರಶಸ್ತಿ ಪಡೆದವರು, 2019ರಲ್ಲಿ ಅರ್ಜುನ ಪ್ರಶಸ್ತಿಗೆ ಪಾತ್ರರಾದವರು. ಮಹೀಂದ್ರಾ ತಂಡದಲ್ಲಿ ಅವರ ಸಹಚಾಲಕರಾಗಿದ್ದ ಮೂಸಾ ಷರೀಫ್ ಕಾಸರಗೋಡಿನವರು. ಬೆಂಗಳೂರಿನ ಕರ್ಣ ಕಡೂರು ರಾಷ್ಟ್ರೀಯ ಚಾಂಪಿಯನ್ ಪಟ್ಟ ಪಡೆದ ಕನ್ನಡ ನಾಡಿನ ಚಾಲಕ.

ಜೋಯಿಡಾದ ಗಡಿಯಾಚೆಗಿನ ಗೋವಾದಲ್ಲಿ 2014ರಿಂದ ಮಳೆಗಾಲದ ನಡುವೆ ರೈನ್‌ಫಾರೆಸ್ಟ್ ಚಾಲೆಂಜ್‌ನ ಭಾರತದ ಆವೃತ್ತಿ ನಡೆಯತೊಡಗಿತು. ಮಾರುತಿ ಜಿಪ್ಸಿ, ಮಹೀಂದ್ರಾ ಜೀಪು, ಥಾರ್‌ಗಳನ್ನು ಮರುಕಟ್ಟಿ ಕೆಸರು, ಹೊಂಡ, ಬಂಡೆಗಳ ಮೇಲೆ ಹತ್ತಿಸುವ ಈ ಪಂದ್ಯ ನೆಲದ ಗುಣದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಅತ್ಯಂತ ಸಮೀಪದ್ದು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಾಹಾ ಎಂಬ ಸ್ಪರ್ಧೆ ಇದೆ. ಅದರ ಪೆಟ್ರೋಲ್ ವರ್ಗದ ತಂಡಗಳಿಗೆ ಸುಮಾರು 10 ಅಶ್ವಶಕ್ತಿಯ ಒಂದೇ ಬಗೆಯ ಸಣ್ಣ ಎಂಜಿನ್. ಕೆಲವರು ಬೆಲ್ಟಿನ ಸ್ವಯಂಚಾಲಿತ ಗೇರ್ ಜೋಡಿಸಿ ಕಾಲಿನ ಕ್ಲಚ್ಚನ್ನೇ ಬಿಟ್ಟುಬಿಡುತ್ತಾರೆ, ಮತ್ತೆ ಕೆಲವರು ಮೂರು ಚಕ್ರದ ಸರಕು ಗಾಡಿಯ ಗೇರ್‌ಬಾಕ್ಸನ್ನು ಅದರ ಕ್ಲಚ್ ಸಮೇತ ಕೂರಿಸುತ್ತಾರೆ.

ರಚನೆ

ಕಾರಿನ ಕ್ಲಚ್ಚಿನಲ್ಲಿ ಮೂರು ಮುಖ್ಯ ಭಾಗಗಳು. ಎಂಜಿನ್ನಿನ ಕ್ರ್ಯಾಂಕ್ ಷಾಫ್ಟಿಗೆ ಬೋಲ್ಟಾದ ಫ್ಲೈವೀಲ್, ಅದರ ಮೇಲೆ ಕವರಿನೊಂದಿಗೆ ಕೂತ ಪ್ರೆಷರ್ ಪ್ಲೇಟ್, ಇವೆರಡರ ನಡುವೆ ಗೇರ್‌ಬಾಕ್ಸಿನ ಇನ್‌ಪುಟ್ ಷಾಫ್ಟಿನ ಹಲ್ಲುಗಳ ಮೇಲೆ ಜಾರಬಲ್ಲ ಕ್ಲಚ್ ಪ್ಲೇಟ್. ಪೆಡಲ್ ಒತ್ತಿದಾಗ ಕೇಬಲ್ಲೋ ಎಣ್ಣೆಯ ಒತ್ತಡವೋ ರಿಲೀಸ್ ಬೇರಿಂಗನ್ನು ತಳ್ಳುತ್ತದೆ. ಬೇರಿಂಗ್ ಸ್ಪ್ರಿಂಗಿನ ಬೆರಳುಗಳನ್ನು ಒತ್ತಿದಾಗ ಪ್ರೆಷರ್ ಪ್ಲೇಟ್ ಹಿಂದೆ ಸರಿದು ಕ್ಲಚ್ ಪ್ಲೇಟ್ ಬಿಡುಗಡೆಯಾಗುತ್ತದೆ.

ಮೊದಮೊದಲ ಕಾರುಗಳಲ್ಲಿ ಚರ್ಮ ಹೊದಿಸಿದ ಶಂಕುವಿನಾಕಾರದ ಕ್ಲಚ್‌ಗಳಿದ್ದವು. ಇಂಗ್ಲೆಂಡಿನಲ್ಲಿ ಹರ್ಬರ್ಟ್ ಫ್ರೂಡ್ 1897ರಲ್ಲಿ ಆರಂಭಿಸಿದ, ಮುಂದೆ ಫೆರೋಡೊ ಎಂದು ಹೆಸರಾದ ಉದ್ಯಮ ಘರ್ಷಣೆಯ ಲೈನಿಂಗ್‌ಗಳನ್ನು ಬೆಳೆಸಿತು. ಒಂಟಿ ಒಣ ಪ್ಲೇಟು ಕ್ರಮೇಣ ರೂಢಿಯಾಯಿತು. ಸುತ್ತಲೂ ಜೋಡಿಸಿದ ಸುರುಳಿ ಸ್ಪ್ರಿಂಗುಗಳ ಜಾಗಕ್ಕೆ ತಟ್ಟೆಯಾಕಾರದ ಡಯಾಫ್ರಾಮ್ ಸ್ಪ್ರಿಂಗ್ ಬಂದದ್ದು ದೊಡ್ಡ ಬದಲಾವಣೆ. ಯುರೋಪಿನಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ ಜರ್ಮನಿಯ ಲೂಕ್ ಕಂಪನಿ 1965ರಲ್ಲಿ ಹುಟ್ಟಿದ್ದು. ಇಂದು ಭಾರತದ ಮಾರುಕಟ್ಟೆಯಲ್ಲಿ ಲೂಕ್, ವ್ಯಾಲಿಯೊ, ಎಕ್ಸೆಡಿ, ಲಾರಿಗಳಿಗಾಗಿ ಸೆಟ್ಕೊ ಮುಂತಾದ ಹೆಸರುಗಳು ಪರಿಚಿತ. ಡಯಾಫ್ರಾಮ್ ಸ್ಪ್ರಿಂಗಿನ ಒಂದು ಗುಣ ಹವ್ಯಾಸಿಗೆ ತಿಳಿದಿರಬೇಕು. ಲೈನಿಂಗ್ ಸವೆದಂತೆ ಅದರ ಒತ್ತುಬಲ ಮೊದಲು ಸ್ವಲ್ಪ ಹೆಚ್ಚಿ, ಆಮೇಲೆ ಬೇಗ ಇಳಿಯುತ್ತದೆ. ಆದ್ದರಿಂದ ಪೆಡಲ್ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದ್ದರೆ ಕ್ಲಚ್ ಚೆನ್ನಾಗಿದೆ ಎಂದಲ್ಲ, ಸವೆದಿದೆ ಎಂದರ್ಥ.

ಟಾರ್ಕ್ ಮತ್ತು ಶಾಖ

ಕ್ಲಚ್ ಎಷ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಹಿಡಿಯಬಲ್ಲದು ಎಂಬುದಕ್ಕೆ ಸರಳ ಲೆಕ್ಕವಿದೆ. ಘರ್ಷಣಾಂಕ, ಒತ್ತುಬಲ, ಲೈನಿಂಗಿನ ಸರಾಸರಿ ತ್ರಿಜ್ಯ, ಉಜ್ಜುವ ಮುಖಗಳ ಸಂಖ್ಯೆ, ಈ ನಾಲ್ಕರ ಗುಣಲಬ್ಧವೇ ಅದು. ಘರ್ಷಣಾಂಕ 0.3, ಒತ್ತುಬಲ 4,000 ನ್ಯೂಟನ್, ಸರಾಸರಿ ತ್ರಿಜ್ಯ 80 ಮಿ.ಮೀ., ಮುಖಗಳು ಎರಡು ಎಂದಿಟ್ಟುಕೊಂಡರೆ 192 ನ್ಯೂಟನ್ ಮೀಟರ್ ಬರುತ್ತದೆ. ಜಿಪ್ಸಿಯ 1.3 ಲೀಟರ್ ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 103 ನ್ಯೂಟನ್ ಮೀಟರ್. ಅಂಥ ಎಂಜಿನ್ನಿಗೆ ಈ ಕ್ಲಚ್ ಧಾರಾಳವಾಯಿತು. 150ರ ಆಸುಪಾಸಿನ 1.6 ಲೀಟರ್ ಎಂಜಿನ್ನಿಗೂ ಕಾಲು ಭಾಗಕ್ಕಿಂತ ತುಸು ಹೆಚ್ಚು ಮಿಗಿಲು ಉಳಿಯುತ್ತದೆ. ಟರ್ಬೊ ಕೂರಿಸಿ ಟಾರ್ಕನ್ನು ಬಹಳ ಏರಿಸದಿದ್ದರೆ ಕಂಪನಿಯ ಕ್ಲಚ್ ಹಿಡಿಯುವ ಶಕ್ತಿಯಲ್ಲಿ ಸೋಲುವುದು ಅಪರೂಪ. ಅಂದಮೇಲೆ ಇಷ್ಟೊಂದು ಕ್ಲಚ್‌ಗಳು ಪಂದ್ಯದಲ್ಲಿ ಸುಡುವುದೇಕೆ?

ಉತ್ತರ ಜಾರುವ ಹೊತ್ತಿನಲ್ಲಿದೆ. ಎಂಜಿನ್ ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದು ಕಾರನ್ನು ನಿಂತಲ್ಲಿಂದ ಹೊರಡಿಸಿದಾಗ, ಕಾರಿಗೆ ಸಿಗುವ ಚಲನಶಕ್ತಿಯಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗಿ ಕಳೆಯುತ್ತದೆ. ಚಾಲಕ, ಸಹಚಾಲಕ ಸೇರಿ 1,050 ಕೆ.ಜಿ. ತೂಗುವ ಕಾರು ಸೆಕೆಂಡಿಗೆ 10 ಮೀಟರ್ ವೇಗ ಮುಟ್ಟುವಾಗ ಕ್ಲಚ್ ಪೂರ್ತಿ ಕೂತಿತು ಎನ್ನೋಣ. ಆಗ ಸುಮಾರು 52 ಕಿಲೋಜೂಲ್ ಶಾಖ ಹುಟ್ಟುತ್ತದೆ. ಅದರಲ್ಲಿ ಅರ್ಧ ಪ್ರೆಷರ್ ಪ್ಲೇಟಿಗೆ ಹೋದರೆ, 3 ಕೆ.ಜಿ.ಯ ಎರಕದ ಕಬ್ಬಿಣ ಸರಾಸರಿ 17 ಡಿಗ್ರಿ ಸೆಲ್ಸಿಯಸ್ ಬಿಸಿಯೇರುತ್ತದೆ. ಉಜ್ಜುವ ಮೇಲ್ಮೈಯಂತೂ ಆ ಗಳಿಗೆಯಲ್ಲಿ ಅದರ ಎಷ್ಟೋ ಪಟ್ಟು ಬಿಸಿ. ಒಂದು ಸ್ಟಾರ್ಟ್ ಏನೂ ಅಲ್ಲ. ತಣಿಯಲು ಬಿಡದೆ ಹತ್ತು ಸಲ ಹಾಗೆ ಮಾಡಿದರೆ ಮೈಯೆಲ್ಲ 170 ಡಿಗ್ರಿ ಏರಿ, ಸಾಮಾನ್ಯ ಲೈನಿಂಗ್ ಹಿಡಿತ ಕಳೆದುಕೊಳ್ಳುವ ಮಟ್ಟ ಹತ್ತಿರವಾಗುತ್ತದೆ. ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನೊಳಗೆ ಗಾಳಿಯ ಓಡಾಟ ಕಡಿಮೆ. ಬ್ರೇಕ್ ಡಿಸ್ಕಿನಂತೆ ಇದು ಬೇಗ ತಣಿಯುವುದಿಲ್ಲ.

ಘಟ್ಟದ ಏರಿನಲ್ಲಿ ಲೆಕ್ಕ ಇನ್ನೂ ಕಠೋರ. ಎಂಟಡಿಗೆ ಒಂದಡಿ ಏರುವ ರಸ್ತೆಯಲ್ಲಿ ಅದೇ ಕಾರನ್ನು ಬ್ರೇಕ್ ಹಾಕದೆ ಮೊದಲ ಗೇರಿನಲ್ಲಿ ಪೆಡಲನ್ನು ಅರ್ಧ ಬಿಟ್ಟು, ಅಂದರೆ ಹಾಫ್ ಕ್ಲಚ್ ಹಿಡಿದು, ನಿಲ್ಲಿಸಿದಿರಿ ಎನ್ನಿ. ಚಕ್ರದ ತ್ರಿಜ್ಯ 0.3 ಮೀಟರ್, ಒಟ್ಟು ಗೇರ್ ಅನುಪಾತ 14, ಎಂಜಿನ್ ನಿಮಿಷಕ್ಕೆ 1,500 ಸುತ್ತು. ಕ್ಲಚ್ಚಿನಲ್ಲಿ ಸೆಕೆಂಡಿಗೆ 4 ಕಿಲೋಜೂಲಿಗೂ ಹೆಚ್ಚು ಶಾಖ ಹುಟ್ಟುತ್ತಲೇ ಇರುತ್ತದೆ. ಹನ್ನೆರಡು ಸೆಕೆಂಡು ಹಾಗೆ ನಿಂತರೆ ಒಂದು ಪಂದ್ಯದ ಸ್ಟಾರ್ಟಿನಷ್ಟು ಪೆಟ್ಟು ಬಿದ್ದಂತೆ, ಕಾರು ಒಂದಡಿಯೂ ಮುಂದೆ ಹೋಗದೆ. ಕೆಸರಿನಲ್ಲಿ ಹೂತ ಗಾಡಿಯನ್ನು ಕ್ಲಚ್ ಆಡಿಸಿ ಎಬ್ಬಿಸುವ ಪ್ರಯತ್ನ ಇದರ ಹಲವು ಪಟ್ಟು. ಜೋಯಿಡಾದ ಏರು, ಮುಂಡಗೋಡದ ಗದ್ದೆಯ ಬದಿಗಳಲ್ಲಿ ಕ್ಲಚ್ ಸಾಯುವುದು ಹೀಗೆ.

ಪ್ಲೇಟಿನ ಲೈನಿಂಗ್

ರಾಳದಲ್ಲಿ ನಾರು, ಗಾಜಿನ ಎಳೆ, ಲೋಹದ ಪುಡಿ ಬೆರೆಸಿ ಮಾಡಿದ ಸಾವಯವ ಲೈನಿಂಗ್ ಎಲ್ಲ ಮಾಮೂಲು ಕಾರುಗಳಲ್ಲೂ ಇರುವುದು. ಘರ್ಷಣಾಂಕ 0.3ರ ಆಸುಪಾಸು, ಮೆದುವಾಗಿ ಕೂರುತ್ತದೆ, ಫ್ಲೈವೀಲನ್ನು ತಿನ್ನುವುದಿಲ್ಲ. ಮೇಲ್ಮೈ 250 ಡಿಗ್ರಿ ದಾಟಿದರೆ ಹಿಡಿತ ಕುಸಿಯುತ್ತದೆ, ಇನ್ನೂ ಮುಂದೆ ಹೋದರೆ ರಾಳ ಸುಟ್ಟು ಮೈ ಹೊಳಪಾಗುತ್ತದೆ. ಆ ಸುಟ್ಟ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಅರಾಮಿಡ್ ನಾರಿನ, ಅಂದರೆ ಕೆವ್ಲಾರ್ ಜಾತಿಯ ಲೈನಿಂಗ್ ಹೆಚ್ಚು ಬಾಳುತ್ತದೆ, ಮೆದುತನವನ್ನೂ ಉಳಿಸಿಕೊಳ್ಳುತ್ತದೆ. ಆದರೆ ಅದನ್ನು ಬಹಳ ತಾಳ್ಮೆಯಿಂದ ಪಳಗಿಸಬೇಕು, ಒಮ್ಮೆ ಮೇಲ್ಮೈ ಹೊಳಪಾದರೆ ಸರಿಪಡಿಸುವುದು ಕಷ್ಟ.

ತಾಮ್ರ, ಕಬ್ಬಿಣದ ಪುಡಿಯೊಂದಿಗೆ ಸೆರಾಮಿಕ್ ಸೇರಿಸಿ ಕಾಯಿಸಿ ಒತ್ತಿದ ಸಿಂಟರ್ಡ್ ಬಿಲ್ಲೆಗಳದ್ದು ಬೇರೆಯೇ ಸ್ವಭಾವ. ಮೂರು, ನಾಲ್ಕು ಅಥವಾ ಆರು ಬಿಲ್ಲೆಗಳಿರುವ ಈ ಪ್ಲೇಟುಗಳು ಹೆಚ್ಚಿನ ಶಾಖ ತಡೆಯುತ್ತವೆ, ಘರ್ಷಣಾಂಕವೂ ಹೆಚ್ಚು. ಬೆಲೆಯಾಗಿ ಕೇಳುವುದು ನಯವನ್ನು: ಹಾಫ್ ಕ್ಲಚ್ ಎಂಬುದೇ ಇಲ್ಲವೆನ್ನಿಸುವಷ್ಟು ಒಮ್ಮೆಲೇ ಹಿಡಿಯುತ್ತವೆ. ಹಾಗೆ ಹಿಡಿದಾಗ ಬೀಳುವ ಧಕ್ಕೆ ಗೇರಿನ ಹಲ್ಲು, ಡ್ರೈವ್ ಷಾಫ್ಟ್, ಡಿಫರೆನ್ಷಿಯಲ್ ಮೇಲೆ ಹೋಗುತ್ತದೆ. ಕಂಪನಿಯ ಗೇರ್‌ಬಾಕ್ಸ್ ಇಟ್ಟುಕೊಂಡು ಬಿಲ್ಲೆ ಪ್ಲೇಟ್ ಹಾಕಿದ ಹವ್ಯಾಸಿ ಕ್ಲಚ್ಚನ್ನು ಉಳಿಸಿಕೊಂಡು ಗೇರ್‌ಬಾಕ್ಸನ್ನು ಕಳೆದುಕೊಳ್ಳುತ್ತಾನೆ. ಹೆಚ್ಚು ಟಾರ್ಕ್ ಬಂದಾಗ ಜಾರಿ ಉಳಿದ ಭಾಗಗಳನ್ನು ಕಾಯುವುದೂ ಕ್ಲಚ್ಚಿನ ಕೆಲಸಗಳಲ್ಲೊಂದು ಎಂಬುದನ್ನು ಕ್ಲಚ್ ಮಾರುವವರು ಹೇಳುವುದು ಕಡಿಮೆ.

ಪ್ಲೇಟಿನ ನಡುವಿನ ಹಬ್‌ನಲ್ಲಿ ಸಣ್ಣ ಸ್ಪ್ರಿಂಗುಗಳಿದ್ದರೆ ಅವು ಎಂಜಿನ್ನಿನ ತಿರುಗುವಿಕೆಯ ಕಂಪನವನ್ನು ನುಂಗುತ್ತವೆ. ಸ್ಪ್ರಿಂಗಿಲ್ಲದ ಗಟ್ಟಿ ಹಬ್ ಹಗುರ. ಗೇರ್ ಬದಲಿಸುವಾಗ ವೇಗ ಹೊಂದಿಸುವ ಸಿಂಕ್ರೊನೈಸರಿನ ಮೇಲೆ ಭಾರ ಕಡಿಮೆ. ಆದರೆ ಗೇರ್‌ಬಾಕ್ಸ್ ಗಡಗಡ ಎನ್ನುತ್ತದೆ, ಇನ್‌ಪುಟ್ ಷಾಫ್ಟಿನ ಹಲ್ಲು ಬೇಗ ಸವೆಯುತ್ತದೆ. ಅದೇ ಕಾರಿನಲ್ಲಿ ವಾರವಿಡೀ ಓಡಾಡಿ ಭಾನುವಾರ ಪಂದ್ಯಕ್ಕೆ ಹೋಗುವವರು ಗಟ್ಟಿ ಹಬ್ಬಿನ ಆಸೆ ಬಿಡುವುದು ಒಳ್ಳೆಯದು.

ಪ್ರೆಷರ್ ಪ್ಲೇಟ್, ಫ್ಲೈವೀಲ್

ಲೈನಿಂಗ್ ಬದಲಿಸುವುದಲ್ಲದೆ ಹಿಡಿತ ಹೆಚ್ಚಿಸಲು ಇನ್ನೂ ಮೂರು ದಾರಿಗಳಿವೆ: ಪ್ಲೇಟಿನ ವ್ಯಾಸ ಹೆಚ್ಚಿಸುವುದು, ಸ್ಪ್ರಿಂಗ್ ಗಟ್ಟಿ ಮಾಡುವುದು, ಪ್ಲೇಟುಗಳ ಸಂಖ್ಯೆ ಹೆಚ್ಚಿಸುವುದು. ಅದೇ ಕಂಪನಿಯ ದೊಡ್ಡ ಎಂಜಿನ್ನಿನ ಕ್ಲಚ್ ನಿಮ್ಮ ಫ್ಲೈವೀಲಿಗೆ ಕೂರುತ್ತದೆಯೇ, ಇನ್‌ಪುಟ್ ಷಾಫ್ಟಿನ ಹಲ್ಲಿನ ಸಂಖ್ಯೆ ಹೊಂದುತ್ತದೆಯೇ ಎಂದು ಮೊದಲು ನೋಡಬೇಕು. ಹೊಂದಿದರೆ ಅದಕ್ಕಿಂತ ಅಗ್ಗದ, ಜಾಣ ಆಯ್ಕೆ ಬೇರೆ ಇಲ್ಲ. ದೊಡ್ಡ ವ್ಯಾಸ ಹಿಡಿತದ ಜೊತೆಗೆ ಶಾಖ ಹೀರುವ ಲೋಹವನ್ನೂ ಕೊಡುತ್ತದೆ. ಗಟ್ಟಿ ಸ್ಪ್ರಿಂಗ್ ಹಿಡಿತ ಕೊಡುತ್ತದೆಯೇ ಹೊರತು ಲೋಹ ಕೊಡುವುದಿಲ್ಲ. ಕಾಲಿಗೂ, ಕೇಬಲ್ಲಿಗೂ, ಕ್ರ್ಯಾಂಕ್ ಷಾಫ್ಟಿನ ಥ್ರಸ್ಟ್ ಬೇರಿಂಗಿಗೂ ಅದರ ಭಾರ ಬೀಳುತ್ತದೆ. ವೃತ್ತಿಪರ ರೇಸಿಂಗಿನಲ್ಲಿ 7.25 ಅಥವಾ 5.5 ಇಂಚಿನ, ಎರಡು ಮೂರು ಪ್ಲೇಟುಗಳ ಪುಟ್ಟ ಕ್ಲಚ್‌ಗಳನ್ನು ಬಳಸುತ್ತಾರೆ. ಹಗುರವಾಗಿ ತಿರುಗುವ ಅವು ಹಿಡಿತದಲ್ಲಿ ಅದ್ಭುತ. ಆದರೆ ಲೋಹ ಕಡಿಮೆಯಿರುವುದರಿಂದ ಜಾರಿಸಿದರೆ ಕ್ಷಣದಲ್ಲಿ ಕಾಯುತ್ತವೆ, ಬೆಲೆಯೂ ಹವ್ಯಾಸಿಯ ಕೈಗೆಟುಕುವಂಥದ್ದಲ್ಲ. ಟಾರು ಹಾಸಿದ ಟ್ರ್ಯಾಕಿಗೆ ಸರಿ, ಮಲೆನಾಡಿನ ಕೆಸರಿಗೆ ಅಲ್ಲ.

ಫ್ಲೈವೀಲನ್ನು ಹಗುರ ಮಾಡಿದರೆ ಎಂಜಿನ್ ಬೇಗ ಮೇಲೇರುತ್ತದೆ, ಕೆಳಗಿನ ಗೇರುಗಳಲ್ಲಿ ವ್ಯತ್ಯಾಸ ಕಾಣುತ್ತದೆ. ನಿಧಾನ ಓಟದಲ್ಲಿ, ಕಲ್ಲು ಹತ್ತಿಸುವಾಗ ಮಾತ್ರ ಎಂಜಿನ್ ಪಟ್ಟನೆ ನಿಂತುಬಿಡುತ್ತದೆ. ಆಗ ಚಾಲಕ ಇನ್ನಷ್ಟು ಹಾಫ್ ಕ್ಲಚ್ ಮಾಡುತ್ತಾನೆ, ಇನ್ನಷ್ಟು ಶಾಖ ಹುಟ್ಟುತ್ತದೆ. ಆಫ್‌ರೋಡ್ ಗಾಡಿಗೆ ಭಾರದ ಫ್ಲೈವೀಲೇ ಮೇಲು. ಎರಕದ ಕಬ್ಬಿಣದ ಫ್ಲೈವೀಲನ್ನು ಲೇತಿನಲ್ಲಿ ಮನಬಂದಂತೆ ಕೊರೆಸುವುದು ಜೀವಕ್ಕೇ ಅಪಾಯ. ಹೆಚ್ಚಿನ ವೇಗದಲ್ಲಿ ಅದು ಸಿಡಿದರೆ ಚೂರುಗಳು ಬೆಲ್ ಹೌಸಿಂಗನ್ನು ಸೀಳಿ ಚಾಲಕನ ಕಾಲಿನವರೆಗೆ ಬರಬಲ್ಲವು. ಹಗುರ ಬೇಕೆಂದರೆ ಉಕ್ಕಿನ ಗಟ್ಟಿಯಿಂದ ಕಡೆದ, ಬ್ಯಾಲೆನ್ಸ್ ಮಾಡಿದ ಫ್ಲೈವೀಲನ್ನೇ ಕೊಳ್ಳಬೇಕು.

ಈ ಪ್ರದೇಶದ ಹವ್ಯಾಸಿಗೆ ಸರಿಯಾದದ್ದು ಹೀಗಿದೆ: ಸಾಧ್ಯವಾದಷ್ಟು ದೊಡ್ಡ ವ್ಯಾಸ, ಒಳ್ಳೆಯ ಕಂಪನಿಯ ಸಾವಯವ ಲೈನಿಂಗ್, ಸ್ಪ್ರಿಂಗ್ ಹಬ್, ಎಂಜಿನ್ನಿನ ಟಾರ್ಕಿಗಿಂತ ಮೂರನೇ ಒಂದರಷ್ಟು ಹೆಚ್ಚು ಹಿಡಿಯುವ ಪ್ರೆಷರ್ ಪ್ಲೇಟ್, ಕಂಪನಿಯ ತೂಕದ ಫ್ಲೈವೀಲ್. ಮೊದಲ ಗೇರ್ ಮತ್ತು ಫೈನಲ್ ಡ್ರೈವ್ ಅನುಪಾತದ ಸಂಖ್ಯೆಯನ್ನು ಹೆಚ್ಚಿಸಿದರೆ, ನಾಲ್ಕು ಚಕ್ರದ ಗಾಡಿಯಲ್ಲಿ ಲೋ ರೇಂಜ್ ಬಳಸಿದರೆ, ದುಬಾರಿ ಕ್ಲಚ್ಚಿನಿಂದ ಸಿಗುವುದಕ್ಕಿಂತ ಹೆಚ್ಚಿನ ರಕ್ಷಣೆ ಸಿಗುತ್ತದೆ.

ಕೆಟ್ಟದ್ದನ್ನು ಗುರುತಿಸುವುದು

ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹೊರಡುವಾಗ ಗಾಡಿ ಗದಗದ ನಡುಗಿದರೆ ಪ್ಲೇಟಿಗೆ ಎಣ್ಣೆ ತಾಗಿರಬಹುದು, ಫ್ಲೈವೀಲ್ ಸೊಟ್ಟಗಾಗಿರಬಹುದು, ಎಂಜಿನ್ ಮೌಂಟ್ ಹರಿದಿರಬಹುದು. ಗೇರ್‌ಬಾಕ್ಸ್ ಇಳಿಸುವ ಮೊದಲು ಮೌಂಟ್ ನೋಡಿ. ಪೆಡಲ್ ಪೂರ್ತಿ ಒತ್ತಿದರೂ ರಿವರ್ಸ್ ಗೇರ್ ಕರಕರ ಎನ್ನುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಹೊಂದಿಸುವುದರಿಂದ, ಅಥವಾ ಎಣ್ಣೆಯ ಸಾಲಿನಲ್ಲಿ ಸೇರಿದ ಗಾಳಿ ತೆಗೆಯುವುದರಿಂದಲೇ ಅದು ಸರಿಹೋಗಬಹುದು. ಪೆಡಲ್ ಒತ್ತಿದಾಗ ಬರುವ ಸದ್ದು ರಿಲೀಸ್ ಬೇರಿಂಗಿನದು. ಒತ್ತಿದಾಗ ನಿಂತು, ಬಿಟ್ಟಾಗ ಬರುವ ಸದ್ದು ಗೇರ್‌ಬಾಕ್ಸಿನ ಇನ್‌ಪುಟ್ ಷಾಫ್ಟಿನ ಬೇರಿಂಗಿನದು.

ಬದಲಾಯಿಸುವ ಕೆಲಸ

ಕ್ಲಚ್ ಬದಲಾವಣೆಯಲ್ಲಿ ಹೆಚ್ಚಿನ ಶ್ರಮ ಗೇರ್‌ಬಾಕ್ಸ್ ಇಳಿಸಿ ಏರಿಸುವುದರಲ್ಲಿದೆ. ಅಷ್ಟು ಶ್ರಮ ಪಟ್ಟಮೇಲೆ ಪ್ಲೇಟ್ ಒಂದನ್ನೇ ಬದಲಿಸಿ ಮುಚ್ಚುವುದು ಸುಳ್ಳು ಉಳಿತಾಯ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಬೇಕು. ಜೊತೆಗೆ ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್, ಗೇರ್‌ಬಾಕ್ಸಿನ ಮುಂಬದಿಯ ಸೀಲ್, ಕ್ರ್ಯಾಂಕಿನ ತುದಿಯಲ್ಲಿ ಪೈಲಟ್ ಬೇರಿಂಗ್ ಇದ್ದರೆ ಅದು, ಕೇಬಲ್ ಹಳೆಯದಾಗಿದ್ದರೆ ಕೇಬಲ್ ಕೂಡ. ಸೀಲಿನ ಬೆಲೆ ಅಲ್ಪ. ಸೋರುವ ಸೀಲ್ ಹೊಸ ಪ್ಲೇಟನ್ನು ಒಂದೇ ಪಂದ್ಯದಲ್ಲಿ ಹಾಳುಮಾಡುತ್ತದೆ.

ಗಾಡಿಯನ್ನು ಸಮತಟ್ಟಾದ, ಗಟ್ಟಿ ನೆಲದ ಮೇಲೆ ನಿಲ್ಲಿಸಿ ಬ್ಯಾಟರಿಯ ತಂತಿ ಬಿಚ್ಚಬೇಕು. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ನಾಲ್ಕು ಕಡೆ ಸ್ಟ್ಯಾಂಡ್ ಕೊಟ್ಟು, ಅಲುಗಾಡಿಸಿ ನೋಡಿದ ಮೇಲೆಯೇ ಕೆಲಸ. ಮಳೆಯಲ್ಲಿ ನೆನೆದ ಅಂಗಳದ ಮಣ್ಣಿನಲ್ಲಿ ಸ್ಟ್ಯಾಂಡ್ ಕುಸಿಯುತ್ತದೆ, ಅಡಿಗೆ ದಪ್ಪ ಹಲಗೆ ಇಡಬೇಕು. ಮುಂಚಕ್ರ ಎಳೆಯುವ ಕಾರಾದರೆ ಗೇರ್ ಎಣ್ಣೆ ಬಸಿದು ಡ್ರೈವ್ ಷಾಫ್ಟುಗಳನ್ನು ಎಳೆಯಬೇಕು, ಎಂಜಿನ್ನಿಗೆ ಮೇಲಿನಿಂದ ಅಥವಾ ಕೆಳಗಿನಿಂದ ಆಧಾರ ಕೊಡಬೇಕು. ಜಿಪ್ಸಿ, ಜೀಪಿನಂಥ ಗಾಡಿಗಳಲ್ಲಿ ಪ್ರೊಪೆಲ್ಲರ್ ಷಾಫ್ಟುಗಳನ್ನು ಗುರುತು ಹಾಕಿ ಬಿಚ್ಚಿ, ಅದೇ ಗುರುತಿಗೆ ಮರಳಿ ಕೂರಿಸಬೇಕು.

ಗೇರ್‌ಬಾಕ್ಸ್ ಹೊರಬಂದಾಗ ಬೆಲ್ ಹೌಸಿಂಗಿನಲ್ಲಿ ಕಪ್ಪು ದೂಳು ತುಂಬಿರುತ್ತದೆ. ಹಳೆಯ ದಾಸ್ತಾನಿನ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು, ಅದರ ದೂಳು ಶ್ವಾಸಕೋಶಕ್ಕೆ ಮಾರಕ. ಗಾಳಿಯ ಪೈಪಿನಿಂದ ಊದಿಸುವ ರೂಢಿ ನಮ್ಮ ಗ್ಯಾರೇಜುಗಳಲ್ಲಿದೆ, ಅದನ್ನು ಬಿಡಲೇಬೇಕು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಮುಖಕ್ಕೆ ಒಳ್ಳೆಯ ಮಾಸ್ಕ್ ಇರಲಿ.

ಹಳೆಯ ಭಾಗಗಳನ್ನು ಓದುವುದೊಂದು ವಿದ್ಯೆ. ಪ್ಲೇಟಿನಲ್ಲಿ ರಿವೆಟ್ ತಲೆಗಳು ಲೈನಿಂಗಿನ ಮಟ್ಟದಿಂದ 0.5 ಮಿ.ಮೀ.ಗಿಂತ ಕಡಿಮೆ ಆಳದಲ್ಲಿದ್ದರೆ ಅದರ ಆಯುಸ್ಸು ಮುಗಿದಿದೆ. ಒಂದು ಮುಖ ಮಾತ್ರ ಸವೆದಿದ್ದರೆ ಪ್ಲೇಟ್ ಹಲ್ಲುಗಳ ಮೇಲೆ ಸರಾಗವಾಗಿ ಜಾರುತ್ತಿರಲಿಲ್ಲ. ಫ್ಲೈವೀಲಿನ ಮೇಲೆ ನೀಲಿ ಕಲೆಗಳಿದ್ದರೆ ಅದು ಅತಿಯಾಗಿ ಕಾದಿದೆ. ಕೂದಲೆಳೆಯ ಬಿರುಕುಗಳು ಉಗುರಿಗೆ ತಗಲುವಷ್ಟು ಆಳವಿದ್ದರೆ ಬದಲಿಸಬೇಕು. ಡಯಲ್ ಗೇಜಿನಲ್ಲಿ ಮುಖದ ಅಲುಗಾಟ 0.2 ಮಿ.ಮೀ. ದಾಟಿದರೆ ಉಜ್ಜಿಸಬೇಕು, ಸಾಧ್ಯವಿದ್ದರೆ ಲೇತಿಗಿಂತ ಸರ್ಫೇಸ್ ಗ್ರೈಂಡರಿನಲ್ಲಿ. ಮೆಟ್ಟಿಲಿರುವ ಫ್ಲೈವೀಲಾದರೆ ಉಜ್ಜುವ ಮುಖ, ಪ್ರೆಷರ್ ಪ್ಲೇಟ್ ಕೂರುವ ಮುಖ ಎರಡನ್ನೂ ಅಷ್ಟಷ್ಟೇ ತೆಗೆಯಬೇಕು. ಇಲ್ಲದಿದ್ದರೆ ಒತ್ತುಬಲ ಬದಲಾಗಿ ಹೊಸ ಕ್ಲಚ್ ಮೊದಲ ದಿನವೇ ಜಾರುತ್ತದೆ.

ಜೋಡಿಸುವ ಮುನ್ನ ಹೊಸ ಪ್ಲೇಟನ್ನು ಇನ್‌ಪುಟ್ ಷಾಫ್ಟಿನ ಮೇಲೆ ತೂರಿಸಿ ಸರಾಗವಾಗಿ ಜಾರುವುದನ್ನು ಖಚಿತ ಮಾಡಿಕೊಳ್ಳಬೇಕು. ಹಲ್ಲುಗಳಿಗೆ ಶಾಖ ತಡೆಯುವ ಗ್ರೀಸನ್ನು ತೆಳುವಾಗಿ ಸವರಿ ಹೆಚ್ಚಾದದ್ದನ್ನು ಒರೆಸಬೇಕು, ಮಿಕ್ಕದ್ದು ಲೈನಿಂಗಿಗೆ ಸಿಡಿಯುತ್ತದೆ. ಹೊಸ ಪ್ರೆಷರ್ ಪ್ಲೇಟಿನ ಮೇಲಿನ ತುಕ್ಕುನಿರೋಧಕ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ತೊಳೆಯಬೇಕು. ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆ ಎಂದು ಅದರ ಮೇಲೆಯೇ ಬರೆದಿರುತ್ತದೆ. ಹಳೆಯ ಇನ್‌ಪುಟ್ ಷಾಫ್ಟನ್ನು ಅಥವಾ ಅಳತೆಗೆ ಕಡೆದ ತುಂಡನ್ನು ಡಮ್ಮಿಯಾಗಿ ತೂರಿಸಿ ಪ್ಲೇಟನ್ನು ನಡುವಿಗೆ ತರಬೇಕು. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಕೈಪಿಡಿ ಹೇಳಿದ ಟಾರ್ಕಿಗೆ ಟಾರ್ಕ್ ಸ್ಪಾನರಿನಿಂದ ಮುಗಿಸಬೇಕು. ಒಂದೇ ಕಡೆ ಬಿಗಿದರೆ ಕವರ್ ಸೊಟ್ಟಗಾಗುತ್ತದೆ. ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರ ಇನ್‌ಪುಟ್ ಷಾಫ್ಟಿನ ಮೇಲೆ ಜೋತುಬೀಳಬಾರದು, ಪ್ಲೇಟಿನ ಹಬ್ ಬಾಗುತ್ತದೆ. ಬೆಲ್ ಹೌಸಿಂಗನ್ನು ಬೋಲ್ಟಿನಿಂದ ಎಳೆದು ಕೂರಿಸುವ ಹಟವೂ ಬೇಡ. ತಾನಾಗಿ ಕೂರದಿದ್ದರೆ ಏನೋ ತಪ್ಪಿದೆ.

ಕೊನೆಗೆ ಕೇಬಲ್ಲಿನ ಸಡಿಲ ಅಥವಾ ಎಣ್ಣೆಯ ಬ್ಲೀಡಿಂಗ್. ಪಂದ್ಯದ ಕಾರಿನಲ್ಲಿ ಪೆಡಲಿಗೊಂದು ತಡೆ ಇಡುವುದು ಒಳ್ಳೆಯದು. ಕ್ಲಚ್ ಬಿಟ್ಟ ಮೇಲೂ ಜೋರಾಗಿ ತುಳಿದರೆ ಡಯಾಫ್ರಾಮಿನ ಬೆರಳುಗಳು ಮಿತಿಮೀರಿ ಬಾಗಿ ಮುರಿಯುತ್ತವೆ.

ಮಳೆಗಾಲ

ಜೂನಿನಿಂದ ಸೆಪ್ಟೆಂಬರಿನವರೆಗೆ ಜೋಯಿಡಾ, ದಾಂಡೇಲಿಗಳಲ್ಲಿ ನಿಂತ ಗಾಡಿಯ ಫ್ಲೈವೀಲ್ ತುಕ್ಕು ಹಿಡಿದು ಪ್ಲೇಟ್ ಅದಕ್ಕೇ ಅಂಟಿಕೊಳ್ಳುವುದು ಸಾಮಾನ್ಯ. ಓಡಿಸದ ಗಾಡಿಯನ್ನು ವಾರಕ್ಕೊಮ್ಮೆ ಬಿಸಿಯಾಗುವಷ್ಟು ಓಡಿಸಬೇಕು. ಹಳ್ಳ ದಾಟುವ ಗಾಡಿಯಲ್ಲಿ ಬೆಲ್ ಹೌಸಿಂಗಿನ ತಳದ ತೂತನ್ನು ನೀರಿಗಿಳಿಯುವ ಮುನ್ನ ಮುಚ್ಚಿ, ಆಮೇಲೆ ತೆರೆದು ಬಸಿಯಬೇಕು. ತೆರೆಯಲು ಮರೆತರೆ ಸೋರಿದ ಎಣ್ಣೆ ಒಳಗೇ ನಿಂತು ಪ್ಲೇಟನ್ನು ತೋಯಿಸುತ್ತದೆ. ಒಳಹೊಕ್ಕ ಕೆಂಪುಮಣ್ಣಿನ ಕೆಸರು ಒಣಗಿದ ಮೇಲೆ ಲೈನಿಂಗನ್ನು ಉಜ್ಜುಕಾಗದದಂತೆ ತಿನ್ನುತ್ತದೆ. ಹೈಡ್ರಾಲಿಕ್ ಕ್ಲಚ್ಚಿನ ದ್ರವ ಗಾಳಿಯ ತೇವ ಹೀರುವುದರಿಂದ ಪ್ರತಿ ಮಳೆಗಾಲದ ನಂತರ ಅದನ್ನು ಬದಲಿಸುವುದು ಲೇಸು.

ಪಳಗಿಸುವುದು

ಹೊಸ ಸಾವಯವ ಪ್ಲೇಟಿಗೆ 300ರಿಂದ 500 ಕಿ.ಮೀ. ಊರೊಳಗಿನ ಓಡಾಟ ಕೊಡಬೇಕು. ಹಳಿಯಾಳದ ಪೇಟೆಯಲ್ಲಿ ನಿಂತು ಹೊರಡುವ ಸಾಮಾನ್ಯ ಓಟ ಅದಕ್ಕೆ ಹೇಳಿಮಾಡಿಸಿದ್ದು, ಹೆದ್ದಾರಿಯಲ್ಲಿ ಒಂದೇ ಗೇರಿನಲ್ಲಿ ಓಡಿಸಿದ ಕಿಲೋಮೀಟರು ಲೆಕ್ಕಕ್ಕೆ ಬರುವುದಿಲ್ಲ. ಲೈನಿಂಗ್ ಪೂರ್ತಿ ಮುಖದಲ್ಲಿ ಕೂರುವ ಮೊದಲೇ ಪಂದ್ಯಕ್ಕೆ ಹೋದರೆ ಎತ್ತರದ ಜಾಗಗಳು ಮಾತ್ರ ಸುಟ್ಟು ಉಳಿದದ್ದು ಹಿಡಿಯುವುದೇ ಇಲ್ಲ. ಪಂದ್ಯದಲ್ಲಿ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದು, ಏರಿನಲ್ಲಿ ಹ್ಯಾಂಡ್‌ಬ್ರೇಕಿನ ಬದಲು ಹಾಫ್ ಕ್ಲಚ್ ಹಿಡಿಯುವುದು, ಹೂತ ಗಾಡಿಯನ್ನು ವಿಂಚಿನಿಂದ ಎಳೆಯದೆ ಕ್ಲಚ್ಚಿನಿಂದ ಎಬ್ಬಿಸುವುದು, ಈ ಮೂರು ಚಾಳಿ ಬಿಟ್ಟವನ ಕ್ಲಚ್ ಹಲವು ಪಂದ್ಯ ಬಾಳುತ್ತದೆ. ವಾಸನೆ ಬಂದರೆ ನಿಲ್ಲಿಸಿ, ಗೇರ್ ನ್ಯೂಟ್ರಲಿಗೆ ತಂದು, ಪೆಡಲ್ ಬಿಟ್ಟು, ಎಂಜಿನ್ ಓಡುತ್ತಿರುವಂತೆಯೇ ತಣಿಯಲು ಬಿಡಬೇಕು.

ನಿಯಮ ಮತ್ತು ಕಾನೂನು

ಭಾರತದಲ್ಲಿ ಮೋಟಾರು ಪಂದ್ಯಗಳನ್ನು ನಿಯಂತ್ರಿಸುವುದು ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ. ಕಂಪನಿಯ ಸ್ಥಿತಿಗೆ ಹತ್ತಿರದ ವರ್ಗಗಳಲ್ಲಿ ಕ್ಲಚ್ ಪ್ಲೇಟ್, ಕವರ್, ಫ್ಲೈವೀಲ್ ಪ್ರತಿಯೊಂದಕ್ಕೂ ಪ್ರತ್ಯೇಕ ನಿರ್ಬಂಧಗಳಿರುತ್ತವೆ. ಕೊಳ್ಳುವ ಮುನ್ನ ಆ ವರ್ಷದ, ಆ ವರ್ಗದ ತಾಂತ್ರಿಕ ನಿಯಮಾವಳಿಯನ್ನು ಓದಬೇಕು, ಅಂಗಡಿಯವರ ಮಾತನ್ನು ನೆಚ್ಚಬಾರದು.

ಹೊಸ ಕ್ಲಚ್ಚನ್ನು ಪರೀಕ್ಷಿಸಲು ಅಣಶಿಯ ರಸ್ತೆಗೋ ಕುಳಗಿಯ ಕಾಡಿನ ದಾರಿಗೋ ಹೋಗುವ ಆಸೆ ಯುವಕರಿಗೆ ಬರುವುದು ಸಹಜ, ಅದನ್ನು ತಡೆಯಬೇಕು. ಈ ಕಾಡುಗಳ ದೊಡ್ಡ ಭಾಗ 2015ರಲ್ಲಿ ಕಾಳಿ ಎಂದು ಮರುಹೆಸರು ಪಡೆದ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿ ಅನ್ವಯಿಸುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಪಂದ್ಯವನ್ನಾಗಲಿ ವೇಗ ಪರೀಕ್ಷೆಯನ್ನಾಗಲಿ ನಡೆಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಶಿಕ್ಷಾರ್ಹ ಅಪರಾಧ. ಹವ್ಯಾಸಿಗಳು ಸುಗ್ಗಿ ಮುಗಿದ ಹೊಲವನ್ನು ಮಾಲೀಕರ ಒಪ್ಪಿಗೆಯಿಂದ ಬಳಸಲಿ, ಇಲ್ಲವೇ ಕ್ಲಬ್ಬುಗಳು ಅನುಮತಿ ಪಡೆದು ನಡೆಸುವ ಆಟೊಕ್ರಾಸಿಗೆ ಹೆಸರು ಕೊಡಲಿ.